ಕರಿಮಣ್ಣಿನ ನಾಡಿನಲ್ಲಿ ಇಟ್ಟಿಗೆಯ ಲೆಕ್ಕಾಚಾರ

ಕಲಬುರಗಿ: ಹುಮನಾಬಾದ್ ರಸ್ತೆಯ ಕಪನೂರ ಎಂದೊಡನೆ ಕೈಗಾರಿಕಾ ಪ್ರದೇಶ ಮತ್ತು ತೊಗರಿ ಬೇಳೆಯ ಮಿಲ್ಲುಗಳು ನೆನಪಾಗುತ್ತವೆ. ಈ ಭಾಗದಲ್ಲಿ ಮನೆ ಕಟ್ಟಲು ಹೊರಟವರ ಮುಂದೆ ಇಂದು ಸುಟ್ಟ ಕೆಂಪು ಇಟ್ಟಿಗೆ, ಸಿಮೆಂಟ್ ಬ್ಲಾಕ್, ಹಾರುಬೂದಿ ಇಟ್ಟಿಗೆ ಮತ್ತು ಹಗುರ ಎಎಸಿ ಬ್ಲಾಕ್‌ಗಳ ಆಯ್ಕೆಯಿದೆ. ಚರ್ಚೆ ಮಾತ್ರ ಬಹುತೇಕ ದರದ ಸುತ್ತಲೇ ನಿಲ್ಲುತ್ತದೆ. ವಾಸ್ತವವಾಗಿ ಇಲ್ಲಿ ಅದು ಮೊದಲಿಗೆ ಮಣ್ಣಿನ ಪ್ರಶ್ನೆ.

ತೊಗರಿ, ಜೋಳಕ್ಕೆ ವರವಾದ ಕರಿಮಣ್ಣು ಇಟ್ಟಿಗೆಗೆ ಒಗ್ಗುವುದಿಲ್ಲ. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವ ಜೇಡಿ ಅದರಲ್ಲಿ ಹೆಚ್ಚಿರುವುದರಿಂದ ಹಸಿ ಇಟ್ಟಿಗೆ ಭಟ್ಟಿಗೆ ಏರುವ ಮೊದಲೇ ಬಿರಿಯುತ್ತದೆ. ಮಣ್ಣಿನೊಳಗಿನ ಸುಣ್ಣದ ಹರಳುಗಳದ್ದು ಇನ್ನೊಂದು ಕಾಟ. ಬೆಂಕಿಯಲ್ಲಿ ಸುಟ್ಟ ಸುಣ್ಣವಾಗುವ ಅವು ಮುಂದೆ ತೇವ ಹೀರಿ ಉಬ್ಬಿ, ಗೋಡೆಗೆ ಸೇರಿದ ಇಟ್ಟಿಗೆಯನ್ನೂ ಒಡೆಯಬಲ್ಲವು. ಹೀಗಾಗಿ ಒಳ್ಳೆಯ ಇಟ್ಟಿಗೆಗೆ ಹಳ್ಳ–ಕೆರೆಗಳ ಮೆಕ್ಕಲು ಮಣ್ಣು ಅಥವಾ ಕೆಂಪು ಮಣ್ಣನ್ನೇ ಅರಸಬೇಕಾಗುತ್ತದೆ. ಹಿಂದಿನವರು ಶಹಾಬಾದ್ ಕಲ್ಲನ್ನು ನೆಚ್ಚಿಕೊಂಡದ್ದು ಅಕಾರಣವಲ್ಲ.

ಕರಿಮಣ್ಣಿಗೆ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ ಬೆರೆಸಿದರೆ ಬಿರುಕು ತಗ್ಗುತ್ತದೆ. ಬೂದಿಗೆ ಸಿಮೆಂಟ್ ಅಥವಾ ಸುಣ್ಣ, ಜಿಪ್ಸಂ ಮತ್ತು ಮರಳು ಸೇರಿಸಿ ಒತ್ತಿದರೆ ಮಣ್ಣಾಗಲೀ ಬೆಂಕಿಯಾಗಲೀ ಬೇಡದ ಇಟ್ಟಿಗೆಯೇ ಸಿದ್ಧವಾಗುತ್ತದೆ. ಕೇಂದ್ರ ಪರಿಸರ ಸಚಿವಾಲಯವು 1999ರಲ್ಲೇ ಸ್ಥಾವರದಿಂದ 50 ಕಿ.ಮೀ. ಒಳಗಿನ ಇಟ್ಟಿಗೆ ತಯಾರಕರು ಕನಿಷ್ಠ ಶೇ 25ರಷ್ಟು ಬೂದಿ ಬಳಸಬೇಕೆಂದು ಅಧಿಸೂಚನೆ ಹೊರಡಿಸಿತ್ತು. 2003ರಲ್ಲಿ ಈ ವ್ಯಾಪ್ತಿ 100 ಕಿ.ಮೀ.ಗೆ, 2016ರಲ್ಲಿ 300 ಕಿ.ಮೀ.ಗೆ ಏರಿತು. ರಾಯಚೂರಿನ ಶಕ್ತಿನಗರ ಸ್ಥಾವರದಿಂದ ಅಳೆದರೆ ಕಲಬುರಗಿ ನಗರ ಮೊದಲ ಎರಡೂ ಸುತ್ತಿನ ಹೊರಗಿತ್ತು. ಮೂರನೆಯದರಲ್ಲಿ ಶಕ್ತಿನಗರವಷ್ಟೇ ಅಲ್ಲ, ಯರಮರಸ್, ಕೂಡಗಿ ಮತ್ತು ನೆರೆಯ ಸೊಲ್ಲಾಪುರದ ಸ್ಥಾವರಗಳೂ ಲೆಕ್ಕಕ್ಕೆ ಬಂದವು.

2021ರ ಡಿಸೆಂಬರ್ 31ರ ಅಧಿಸೂಚನೆ ಮತ್ತಷ್ಟು ಬಿಗಿಯಾದುದು. ಬಳಕೆಯಾಗದೆ ಉಳಿಯುವ ಬೂದಿಗೆ ಸ್ಥಾವರಗಳು ಟನ್‌ಗೆ 1,000 ರೂಪಾಯಿ ಪರಿಸರ ಪರಿಹಾರ ತೆರಬೇಕು. 300 ಕಿ.ಮೀ. ಒಳಗಿನ ಕಟ್ಟಡ ನಿರ್ಮಾಣ ಸಂಸ್ಥೆಗಳು ಬೂದಿ ಇಟ್ಟಿಗೆಯನ್ನು ಬಳಸಬೇಕು. ಆದರೆ ಅದರ ಬೆಲೆ ಪರ್ಯಾಯ ಸಾಮಗ್ರಿಗಿಂತ ಹೆಚ್ಚಿರಬಾರದು ಎಂಬ ಷರತ್ತೂ ಇದೆ. ಇಡೀ ನಿಯಮ ಜಾರಿಕೊಳ್ಳುವುದು ಈ ಷರತ್ತಿನಲ್ಲೇ. ಬೂದಿ ಅಗ್ಗವಾದರೂ ನೂರಾರು ಕಿ.ಮೀ. ದೂರದಿಂದ ಅದನ್ನು ತರುವ ಲಾರಿ ಬಾಡಿಗೆ ಅಗ್ಗವಲ್ಲ. ಅದಕ್ಕಿಂತ ದೊಡ್ಡ ಪೈಪೋಟಿ ಜಿಲ್ಲೆಯೊಳಗೇ ಇದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೂ ಬೂದಿ ಬೇಕು. ಪಿಪಿಸಿ ಸಿಮೆಂಟಿನಲ್ಲಿ ಶೇ 15ರಿಂದ 35ರವರೆಗೆ ಹಾರುಬೂದಿ ಸೇರಿಸಲು ಅವಕಾಶವಿದೆ. ಸಗಟು ಖರೀದಿಯ ಈ ದೈತ್ಯರೆದುರು ಸಣ್ಣ ಇಟ್ಟಿಗೆ ಘಟಕದ ದನಿ ಕೇಳಿಸುವುದು ಕಷ್ಟ.

ಕೆಂಪು ಇಟ್ಟಿಗೆಯ ಹಾದಿಯೂ ಸುಗಮವಲ್ಲ. ವಾಯು ಗುಣಮಟ್ಟದ ಮಿತಿ ಮೀರಿದ ನಗರಗಳ ರಾಷ್ಟ್ರೀಯ ಪಟ್ಟಿಗೆ ರಾಜ್ಯದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡದೊಂದಿಗೆ ಕಲಬುರಗಿಯೂ ಸೇರಿದೆ. 2022ರ ಫೆಬ್ರುವರಿಯಲ್ಲಿ ಕೇಂದ್ರವು ಇಟ್ಟಿಗೆ ಭಟ್ಟಿಗಳು ಕಡಿಮೆ ಹೊಗೆಯ ತಂತ್ರಜ್ಞಾನಕ್ಕೆ ಬದಲಾಗಬೇಕೆಂದು ಆದೇಶಿಸಿ, ಇಂಥ ನಗರಗಳಿಂದ 10 ಕಿ.ಮೀ. ಒಳಗಿರುವವಕ್ಕೆ ಒಂದು ವರ್ಷದ, ಉಳಿದವಕ್ಕೆ ಎರಡು ವರ್ಷದ ಗಡುವು ನೀಡಿತ್ತು. ಹೊಲದ ಬದುವಿನಲ್ಲಿ ಒಂದು ಬೇಸಿಗೆ ಉರಿದು ಮಾಯವಾಗುವ ಭಟ್ಟಿಯನ್ನು ಈ ನಿಯಮ ಹಿಡಿಯುವುದು ದುಸ್ತರ. ಅಲ್ಲಿ ಸುಟ್ಟುಹೋಗುವುದು ರೈತನ ಮೇಲ್ಮಣ್ಣು ಎಂಬುದನ್ನಂತೂ ಯಾವ ಲೆಕ್ಕಪತ್ರವೂ ಹೇಳುವುದಿಲ್ಲ.

ಹಾಗೆಂದು ಬೂದಿ ಇಟ್ಟಿಗೆಗಳೆಲ್ಲ ಉತ್ತಮವೆನ್ನಲಾಗದು. ಅವುಗಳ ಬಲ ನೀರುಣಿಸುವಿಕೆಯಲ್ಲಿದೆ. ವಾರಗಟ್ಟಲೆ ಕ್ಯೂರಿಂಗ್ ಆಗದೆ ಮಾರುಕಟ್ಟೆಗೆ ಬಂದ ಇಟ್ಟಿಗೆಯ ಅಂಚು ಲಾರಿಯಿಂದ ಇಳಿಸುವಾಗಲೇ ಉದುರುತ್ತದೆ. ಎಎಸಿ ಬ್ಲಾಕ್ ಹಗುರವಾಗಿದ್ದು ಕಲಬುರಗಿಯ ಬೇಸಿಗೆಯ ಶಾಖವನ್ನು ಚೆನ್ನಾಗಿ ತಡೆಯುತ್ತದೆ. ಕಂಬ–ತೊಲೆಗಳ ನಡುವಿನ ಗೋಡೆಗೆ, ಮೇಲಂತಸ್ತಿಗೆ ಅದು ಸೂಕ್ತ. ಟೊಳ್ಳು ಸಿಮೆಂಟ್ ಬ್ಲಾಕ್ ಕಾಂಪೌಂಡಿಗೆ, ಒಳಗೋಡೆಗೆ ಸಾಕು. ಛಾವಣಿಯ ಭಾರವನ್ನು ಗೋಡೆಯೇ ಹೊರುವ ಕಂಬವಿಲ್ಲದ ಮನೆಗೆ ಚೆನ್ನಾಗಿ ಸುಟ್ಟ ಇಟ್ಟಿಗೆ ಇಲ್ಲವೇ ಪರೀಕ್ಷಿಸಿದ ಗಟ್ಟಿ ಬ್ಲಾಕ್ ಬೇಕು. ಇನ್ನು ಈ ನೆಲದ ಮನೆಗಳಲ್ಲಿ ಕಾಣುವ ಬಿರುಕಿಗೆ ಅನೇಕ ವೇಳೆ ಇಟ್ಟಿಗೆ ಕಾರಣವೇ ಅಲ್ಲ. ಕರಿಮಣ್ಣಿನ ಮೇಲೆಯೇ ಕುಳಿತ ಆಳವಿಲ್ಲದ ಅಡಿಪಾಯದ ತಪ್ಪನ್ನು ಇಟ್ಟಿಗೆಯ ತಲೆಗೆ ಕಟ್ಟಲಾಗುತ್ತದೆ.

ಸುಟ್ಟ ಇಟ್ಟಿಗೆಗೆ ಭಾರತೀಯ ಮಾನಕ 1077 ಪ್ರತಿ ಚದರ ಮಿ.ಮೀ.ಗೆ ಕನಿಷ್ಠ 3.5 ನ್ಯೂಟನ್ ಬಲವನ್ನು ನಿಗದಿಪಡಿಸಿದೆ. ಸಾಮಾನ್ಯ ದರ್ಜೆಯ ಇಟ್ಟಿಗೆಯನ್ನು 24 ಗಂಟೆ ನೀರಿನಲ್ಲಿಟ್ಟರೆ ಅದು ತನ್ನ ತೂಕದ ಶೇ 20ಕ್ಕಿಂತ ಹೆಚ್ಚು ನೀರು ಹೀರಬಾರದು. ಸರ್ಕಾರಿ ಕಾಮಗಾರಿಗಳಲ್ಲಿ ಪರೀಕ್ಷಾ ವರದಿ ಕೇಳುವ ಪದ್ಧತಿಯಿದೆ. ಬ್ಯಾಂಕ್ ಸಾಲ ತೆಗೆದು ಬಡಾವಣೆಯಲ್ಲಿ ಮನೆ ಕಟ್ಟಿಸುವವರಿಗೆ ಮೇಸ್ತ್ರಿಯ ಮಾತೇ ವರದಿ. ಅವರ ಕೈಯಲ್ಲಿರುವ ಪರೀಕ್ಷೆ ಒಂದು ತಕ್ಕಡಿ, ಒಂದು ಬಕೆಟ್ ನೀರು: ಒಣಗಿದಾಗ ಮೂರು ಕಿಲೊ ತೂಗಿದ ಇಟ್ಟಿಗೆ ಮರುದಿನ ಮೂರು ಕಿಲೊ ಆರುನೂರು ಗ್ರಾಂ ದಾಟಿದರೆ ಆ ಲೋಡನ್ನು ಹಿಂದಿರುಗಿಸಬಹುದು.