ಜಾಲಹಳ್ಳಿಯ ವಾಲ್ವೂ ಗಿಟಾರಿನ ಗರ್ಜನೆಯೂ

ವಿದ್ಯುತ್ ಗಿಟಾರನ್ನು ಅಭ್ಯಸಿಸುವ ನಮ್ಮ ತರುಣರು ಹೈ ಗೇನ್ ಆಂಪ್‌ಗಳ ತಾರತಮ್ಯವನ್ನು ಚರ್ಚಿಸಲು ಕುಳಿತಾಗ ಮೊದಲು ಹೊರಡುವ ಪ್ರಶ್ನೆ ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಎಷ್ಟೆಂಬುದು. ಅದರ ಬೆನ್ನಿಗೆ ವಾಟ್‌ಗಳ ಲೆಕ್ಕ, ಅದರ ಬೆನ್ನಿಗೆ ಬೆಲೆ. ಇವು ಮೂರೂ ಕೊಳ್ಳುವವನ ಅಳತೆಗಳೇ ಹೊರತು ನುಡಿಸುವವನ ಅಳತೆಗಳಲ್ಲ. ತಂತಿಯನ್ನು ಮೀಟಿದ ಬೆರಳಿಗೆ ಯಂತ್ರವು ಯಾವ ಬಗೆಯ ಪ್ರತ್ಯುತ್ತರವನ್ನು ಕೊಡುತ್ತದೆ, ಮೀಟು ಮೃದುವಾದಾಗ ತಾನೂ ಮೃದುವಾಗುತ್ತದೆಯೇ, ಅಂಗೈಯಿಂದ ತಂತಿಯನ್ನು ಅದುಮಿದೊಡನೆ ನಾದವು ತಟಕ್ಕನೆ ನಿಲ್ಲುತ್ತದೆಯೇ ಅಥವಾ ಅರೆಕ್ಷಣ ಹಿಂದೆ ಉಳಿದು ಎಳೆಯುತ್ತದೆಯೇ ಎಂಬಿವೇ ನಿರ್ಣಾಯಕವಾದ ಪ್ರಶ್ನೆಗಳೆಂದು ನಾನು ದೃಢವಾಗಿ ನಂಬಿದ್ದೇನೆ. ಈ ಮಾತನ್ನು ಬೆಂಗಳೂರಿನ ಜಾಲಹಳ್ಳಿಯಲ್ಲಿ ನಿಂತು ಹೇಳುವುದು ಉಚಿತವೆಂದೂ ಭಾವಿಸುತ್ತೇನೆ, ಏಕೆಂದರೆ ಆ ಪ್ರತ್ಯುತ್ತರವನ್ನು ಕೊಡುವ ವಾಲ್ವ್ ಎಂಬ ಗಾಜಿನ ಪುಟ್ಟ ವಸ್ತುವು ಒಂದು ಕಾಲದಲ್ಲಿ ಈ ಊರಿನಲ್ಲಿಯೇ ತಯಾರಾಗುತ್ತಿತ್ತು.

ಫ್ರಾನ್ಸಿನ ಸಿ.ಎಸ್.ಎಫ್. ಸಂಸ್ಥೆಯ ಸಹಯೋಗದಿಂದ 1954ರಲ್ಲಿ ಸ್ಥಾಪಿತವಾದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿ.ಇ.ಎಲ್.) ಕಾರ್ಖಾನೆಯು 1956ರಲ್ಲಿ ಕೆಲವು ಸಂಪರ್ಕಸಾಧನಗಳ ತಯಾರಿಕೆಯಿಂದ ತನ್ನ ಕಾರ್ಯವನ್ನು ಆರಂಭಿಸಿ, 1961ರಲ್ಲಿ ರೇಡಿಯೊ ವಾಲ್ವ್‌ಗಳನ್ನೂ, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ, 1964ರಲ್ಲಿ ಆಕಾಶವಾಣಿಗೆ ಬೇಕಾದ ಪ್ರೇಷಕಯಂತ್ರಗಳನ್ನೂ ಮಾಡತೊಡಗಿತೆಂಬುದು ಈ ಭಾಗದ ಹಿರಿಯರಿಗೆ ತಿಳಿದಿರುವ ಇತಿಹಾಸ. ಗಂಡಭೇರುಂಡದ ನಾಡಿನ ಮನೆಮನೆಯ ಪಡಸಾಲೆಯಲ್ಲಿ ಪ್ರದೇಶ ಸಮಾಚಾರವನ್ನೂ ಸುಗಮ ಸಂಗೀತವನ್ನೂ ಕೇಳಿಸುತ್ತಿದ್ದ ರೇಡಿಯೊ ಪೆಟ್ಟಿಗೆಗಳ ಕಾಲ ಅದು. ಗುಂಡಿಯನ್ನು ತಿರುಗಿಸಿದ ಮೇಲೆ ಒಳಗಿನ ತಂತು ಕೆಂಪೇರುವವರೆಗೆ ತಾಳ್ಮೆಯಿಂದ ಕಾಯಬೇಕಾಗಿದ್ದ ಆ ಪೆಟ್ಟಿಗೆಗಳಿಗಾಗಿ ಮಾಡಿದ ವಾಲ್ವ್‌ಗಳಲ್ಲಿ ಎರಡು ಜಾತಿಯವು ಇ.ಸಿ.ಸಿ. 83 ಮತ್ತು ಇ.ಎಲ್. 84. ಇವೆರಡೂ ಗಿಟಾರ್ ಆಂಪ್‌ನ ಪ್ರಾಣಗಳು. ಬಿ.ಇ.ಎಲ್. ಮುದ್ರೆಯ ಈ ವಾಲ್ವ್‌ಗಳನ್ನು ಹೊರದೇಶದ ಗಿಟಾರ್ ವಾದಕರು ಹಳೆಯ ದಾಸ್ತಾನಿನಿಂದ ಹುಡುಕಿ ಕೊಳ್ಳುವುದು ಇಂದಿಗೂ ನಡೆದಿದೆ.

ಅಂಥದೊಂದು ಇ.ಸಿ.ಸಿ. 83ನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ಶಿಲ್ಪ ಮನಸ್ಸಿಗೆ ಬರುತ್ತದೆ. ಹೆಬ್ಬೆರಳಿನ ಗಾತ್ರದ ಗಾಜಿನ ಕೊಳವೆ. ಬುಡದಲ್ಲಿ ಒಂಬತ್ತು ಸೂಜಿಕಾಲುಗಳು. ನೆತ್ತಿಯ ಒಳಮೈಯಲ್ಲಿ, ಉಳಿದ ಅನಿಲವನ್ನು ಹೀರಲೆಂದು ಲೇಪಿಸಿದ ಬೇರಿಯಂ ಲೋಹದ ಕನ್ನಡಿಹೊಳಪು. ನಡುವೆ ಎರಡು ಅಭ್ರಕದ ಬಿಲ್ಲೆಗಳು ಬಿಗಿಹಿಡಿದ ಬೂದುಬಣ್ಣದ ಲೋಹದ ತಗಡುಗಳು, ಅವುಗಳ ಒಳಗೆ ಕೂದಲಿಗಿಂತ ತೆಳುವಾದ ತಂತಿಯನ್ನು ಸಮಾನ ಅಂತರದಲ್ಲಿ ಸುತ್ತಿದ ಗ್ರಿಡ್. ಗಾಜಿನ ಮೇಲಿನ ಅಕ್ಷರಗಳು ಹೆಬ್ಬೆರಳನ್ನು ಒತ್ತಿ ಉಜ್ಜಿದರೆ ಅಳಿಸಿಹೋಗುವಷ್ಟು ಬಡವಾದವು. ಉರಿಯುತ್ತಿರುವ ಆಂಪ್‌ನ ಮೊದಲ ವಾಲ್ವನ್ನು ಪೆನ್ಸಿಲಿನ ತುದಿಯಿಂದ ಮೆಲ್ಲನೆ ತಟ್ಟಿದರೆ, ಸುತ್ತುಗೆಲಸ ಸಡಿಲವಾಗಿದ್ದ ಪಕ್ಷದಲ್ಲಿ ಆ ತಟ್ಟು ಸ್ಪೀಕರಿನಲ್ಲಿ ಗಂಟೆಯಂತೆ ಮೊಳಗುತ್ತದೆ. ರೇಡಿಯೊದಲ್ಲಿ ಈ ದೋಷ ಅಷ್ಟಾಗಿ ಬಾಧಿಸದು. ಹೈ ಗೇನ್ ಆಂಪ್‌ನಲ್ಲಿ ಮುಂದಿನ ವರ್ಧನಹಂತಗಳೆಲ್ಲವೂ ಅದನ್ನೇ ಹಿಗ್ಗಿಸುವುದರಿಂದ ನಾದವೇ ಕೆಡುತ್ತದೆ. ಆದುದರಿಂದ ವಾಲ್ವ್ ಮಾಡಿದವರ ಕೈಯ ಶಿಸ್ತನ್ನು ಅತ್ಯಂತ ಕಠಿಣವಾಗಿ ಪರೀಕ್ಷಿಸುವ ಯಂತ್ರವೆಂದರೆ ಇದೇ.

ಇ.ಸಿ.ಸಿ. 83ರ ವರ್ಧನಾಂಕ 100. ಮಂಡಲದಲ್ಲಿ ಕೂಡಿಸಿದಾಗ ಒಂದು ಹಂತದಿಂದ ದೊರೆಯುವುದು ಅದರ ಅರ್ಧದಷ್ಟು ಅಥವಾ ತುಸು ಹೆಚ್ಚು. ಗಿಟಾರಿನ ಪಿಕಪ್‌ನಿಂದ ಹೊರಡುವ ಸಂಕೇತವು ಸುಮಾರಾಗಿ ಒಂದು ವೋಲ್ಟಿನ ಹತ್ತನೆಯ ಒಂದು ಭಾಗದಷ್ಟು ಕ್ಷೀಣವಾದುದು. ಮೊದಲ ಹಂತವು ಅದನ್ನು ಐವತ್ತು ಪಟ್ಟು ಹಿಗ್ಗಿಸಿ ಕೊಟ್ಟರೆ, ಎರಡು ವೋಲ್ಟಿಗಿಂತ ಹೆಚ್ಚಿನ ಸಂಕೇತವನ್ನು ತಾಳಲಾರದ ಎರಡನೆಯ ಹಂತವು ತನ್ನ ಶಕ್ತಿಯ ಮೇರೆಯನ್ನು ಮುಟ್ಟಿ ಅಲೆಯ ಶಿಖರಗಳನ್ನು ಕತ್ತರಿಸುತ್ತದೆ. ಮೂರನೆಯದು ಕತ್ತರಿಸಿದುದನ್ನು ಇನ್ನಷ್ಟು ಕತ್ತರಿಸುತ್ತದೆ. ಹೀಗೆ ಕತ್ತರಿಸಲ್ಪಟ್ಟ ಅಲೆಯಲ್ಲಿ ಮೂಲಸ್ವರದೊಡನೆ ಅದರ ಉಪಸ್ವರಗಳ ಒಂದು ದಟ್ಟವಾದ ಸಮೂಹವೇ ಎದ್ದುನಿಲ್ಲುವುದರಿಂದ, ತಂತಿಯ ನಾದವು ತುಂಬಿ, ಗರ್ಜಿಸುತ್ತದೆ.

ಇದು ಕೇವಲ ಕರ್ಕಶತೆ, ಸಂಗೀತಕ್ಕೆ ಸಲ್ಲದು ಎಂದು ಹೇಳುವ ಸಹೃದಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ನನ್ನ ವಿನಯಪೂರ್ವಕವಾದ ಬಿನ್ನಹ ಇಷ್ಟೆ: ತಂಬೂರಿಯ ಕುದುರೆಗೂ ತಂತಿಗೂ ನಡುವೆ ಒಂದು ಎಳೆ ನೂಲನ್ನು ಸೇರಿಸಿ, ಹಿಂದೆ ಮುಂದೆ ಸರಿಸಿ, ಆ ಝೇಂಕಾರ ಹುಟ್ಟುವ ಬಿಂದುವನ್ನು ಹುಡುಕುವ ಗಾಯಕನು ಮಾಡುವುದಾದರೂ ಏನು? ಶುದ್ಧವಾಗಿ ಕಂಪಿಸಲಿದ್ದ ತಂತಿಯನ್ನು ಕುದುರೆಯ ಮೈಗೆ ಸವರುವಂತೆ ಮಾಡಿ, ಉಪಸ್ವರಗಳನ್ನು ಎಬ್ಬಿಸಿ, ನಾದಕ್ಕೆ ಜೀವವನ್ನು ತುಂಬುತ್ತಾನೆ. ಉಪಾಯ ಬೇರೆ, ಅಳತೆ ಬೇರೆ, ರುಚಿಯೂ ಬೇರೆ. ಆದರೆ ಸ್ವಚ್ಛವಾದ ಧ್ವನಿಯೇ ಸುಂದರವಾದ ಧ್ವನಿಯೆಂಬ ನಿಯಮವನ್ನು ನಮ್ಮ ಸಂಗೀತವು ಎಂದೂ ಒಪ್ಪಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಝೇಂಕಾರದಲ್ಲಿ ಒಳ್ಳೆಯದೂ ಉಂಟು, ಕೆಟ್ಟದೂ ಉಂಟು. ಅದನ್ನು ವಿವೇಚಿಸುವ ಕಿವಿಯನ್ನು ಪರಂಪರೆಯೇ ನಮಗೆ ಕೊಟ್ಟಿದೆ. ಆ ಕಿವಿಯನ್ನು ಆಂಪ್‌ಗಳ ಕಡೆಗೂ ತಿರುಗಿಸಬೇಕೆಂಬುದೇ ನನ್ನ ಆಶಯ.

ಲಂಡನ್ನಿನ ಪಶ್ಚಿಮಭಾಗದ ಹ್ಯಾನ್‌ವೆಲ್‌ನಲ್ಲಿ ಅಂಗಡಿಯಿಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ, ಅಂದರೆ ಜಾಲಹಳ್ಳಿಯಲ್ಲಿ ವಾಲ್ವ್ ತಯಾರಿಕೆ ಆರಂಭವಾದ ಮರುವರ್ಷವೇ, ಅಮೆರಿಕದ ಫೆಂಡರ್ ಬ್ಯಾಸ್‌ಮನ್ ಆಂಪ್‌ನ ಮಾದರಿಯನ್ನು ಅನುಸರಿಸಿ ತನ್ನ ಮೊದಲ ಆಂಪ್ ಜೆ.ಟಿ.ಎಂ. 45ನ್ನು ಮಾಡಿಸಿದನು. ಆ ವಂಶದಲ್ಲಿ 1975ರಲ್ಲಿ ಹುಟ್ಟಿ, 1981ರಲ್ಲಿ ಜೆ.ಸಿ.ಎಂ. 800 ಎಂಬ ಹೆಸರನ್ನು ಪಡೆದ 2203 ಮಾದರಿಯಲ್ಲಿ ಹಂತದ ಹಿಂದೆ ಹಂತವನ್ನು ಜೋಡಿಸುವ ಕ್ರಮ ಕಾಣುತ್ತದೆ. ಅದರ ಎರಡನೆಯ ಹಂತದ ಕ್ಯಾಥೋಡಿಗೆ 10 ಕಿಲೊ ಓಮ್‌ನ ದೊಡ್ಡ ರೋಧಕವನ್ನು ಹಾಕಿ, ಅಲೆಯ ಒಂದು ಪಾರ್ಶ್ವವು ಮಾತ್ರ ಬೇಗ ಕತ್ತರಿಸಲ್ಪಡುವಂತೆ ಏರ್ಪಡಿಸಿರುವುದರಿಂದ ನಾದಕ್ಕೆ ಒಂದು ಒರಟಾದ, ನೆಟ್ಟನೆಯ ಅಂಚು ಬಂದಿದೆ. ಈ ಆಂಪ್ ಕ್ಷಮಾಗುಣವಿಲ್ಲದ್ದು. ಎಡಗೈ ತಡವರಿಸಿದರೆ ಅದನ್ನು ಮುಚ್ಚದೆ ಹೊರಗೆಡಹುತ್ತದೆ. ಶ್ರುತಿಯಲ್ಲಿ ಸೇರಿದ ಎರಡು ಸ್ವರಗಳನ್ನು ಬೇರೆ ಬೇರೆಯಾಗಿ ಕೇಳಿಸುತ್ತದೆ. ಕಲಿಯುವವನಿಗೆ ಇದಕ್ಕಿಂತ ಉತ್ತಮನಾದ ಗುರುವನ್ನು ನಾನು ಕಾಣೆ.

ಕ್ಯಾಲಿಫೋರ್ನಿಯಾದ ರ‍್ಯಾಂಡಲ್ ಸ್ಮಿತ್ ಕಟ್ಟಿದ ಮೆಸಾ ಬೂಗಿ ಸಂಸ್ಥೆಯ ಎರಡು ಆಂಪ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ, ಗೇನ್‌ನ ಪ್ರಮಾಣಕ್ಕಿಂತ ಅದರ ಸ್ಥಾನ ಎಷ್ಟು ಮುಖ್ಯವೆಂಬುದು ಮನದಟ್ಟಾಗುತ್ತದೆ. ಮಾರ್ಕ್ ಶ್ರೇಣಿಯಲ್ಲಿ ಬ್ಯಾಸ್, ಮಿಡಲ್, ಟ್ರೆಬಲ್ ಗುಂಡಿಗಳು ಕತ್ತರಿಸುವ ಹಂತಗಳಿಗಿಂತ ಮೊದಲೇ ಇವೆ. ಮಂದ್ರವನ್ನು ಮೊದಲೇ ತಗ್ಗಿಸಿ, ನಾದ ಸೀಳಿದ ಮೇಲೆ ಐದು ಪಟ್ಟಿಗಳ ಈಕ್ವಲೈಸರಿನಿಂದ ಅದನ್ನು ಮರಳಿ ತುಂಬುವುದು ಅಲ್ಲಿಯ ಕ್ರಮ. ಮಂದ್ರವು ಕತ್ತರಿಗೆ ಸಿಕ್ಕದೆ ಉಳಿಯುವುದರಿಂದ ಪಾಮ್ ಮ್ಯೂಟ್ ಮಾಡಿದ, ಅಂದರೆ ಅಂಗೈಯಿಂದ ಅದುಮಿದ, ಪ್ರತಿಯೊಂದು ಮೀಟೂ ಬಿಗಿಯಾಗಿ, ಬಿಡಿಬಿಡಿಯಾಗಿ ಬೀಳುತ್ತದೆ. ಮೆಟಾಲಿಕಾ ತಂಡವು 1986ರ 'ಮಾಸ್ಟರ್ ಆಫ್ ಪಪೆಟ್ಸ್' ಧ್ವನಿಮುದ್ರಣದಲ್ಲಿ ಮಾರ್ಕ್ ಟು ಸಿ ಪ್ಲಸ್ ಆಂಪನ್ನು ಬಳಸಿದುದರ ಫಲವನ್ನು ಅದರ ಯಾವುದೇ ಹಾಡಿನಲ್ಲಿ ಕೇಳಬಹುದು. ಅದೇ ಸಂಸ್ಥೆಯು 1990ರ ದಶಕದ ಆರಂಭದಲ್ಲಿ ಹೊರತಂದ ಡ್ಯುಯಲ್ ರೆಕ್ಟಿಫೈಯರ್‌ನಲ್ಲಿ ಆ ಗುಂಡಿಗಳು ಕತ್ತರಿಯ ಅನಂತರ ಬರುತ್ತವೆ. ಅಲ್ಲಿ ಮಂದ್ರವೂ ಸೀಳಿ ಹರಡಿಕೊಳ್ಳುತ್ತದೆ. ನಾದ ವಿಶಾಲವಾಗುತ್ತದೆ, ಘನವಾಗುತ್ತದೆ, ಆದರೆ ಬೆರಳಿಗೆ ಅರೆಗಳಿಗೆ ತಡವಾಗಿ ಉತ್ತರಿಸಿದಂತೆ ತೋರುತ್ತದೆ. ವಿದ್ಯುತ್ತನ್ನು ಏಕಮುಖಗೊಳಿಸಲು ಅದರಲ್ಲಿರುವ ವಾಲ್ವ್ ರೆಕ್ಟಿಫೈಯರನ್ನು ಆರಿಸಿಕೊಂಡಾಗ ಈ ಭಾವ ಇನ್ನೂ ಹೆಚ್ಚು: ಬಲವಾಗಿ ಮೀಟಿದ ಕ್ಷಣ ವೋಲ್ಟೇಜು ಕುಗ್ಗಿ, ಮತ್ತೆ ಚೇತರಿಸಿಕೊಂಡು ಏರುವುದರಿಂದ ಸ್ವರವು ಅರಳುತ್ತ ಬರುತ್ತದೆ. ವೇಗದ ವಾದನಕ್ಕೆ ಇದು ತೊಡಕು. ನಿಧಾನವಾದ, ಭಾರವಾದ ವಾದನಕ್ಕೆ ಭೂಷಣ. ಇದರ ಮುಂದೆ ಟ್ಯೂಬ್ ಸ್ಕ್ರೀಮರ್ ಪೆಡಲನ್ನಿಟ್ಟು, ಅದರ ಡ್ರೈವ್ ಗುಂಡಿಯನ್ನು ತೀರ ಇಳಿಸಿ ನುಡಿಸುವ ರೂಢಿ ಬೆಳೆದುಬಂದಿರುವುದಾದರೂ ಗೇನ್ ಸಾಲದೆಂದಲ್ಲ. ಮಂದ್ರವನ್ನು ಆಂಪಿನೊಳಗೆ ಹೊಗುವ ಮೊದಲೇ ತಡೆಯುವುದಕ್ಕಾಗಿ.

1987ರ ಸೊಲ್ಡಾನೊ ಎಸ್.ಎಲ್.ಒ. 100 ಮತ್ತು ಗಿಟಾರ್ ವಾದಕ ಎಡ್ಡಿ ವಾನ್ ಹೇಲನ್ ಸಹಯೋಗದಿಂದ 1992ರಲ್ಲಿ ಬಂದ ಪೀವಿ 5150, ಇವೆರಡೂ ಮಾರ್ಷಲ್‌ನ ಆ ಒಂದೇ ಪಾರ್ಶ್ವದ ಕತ್ತರಿಯನ್ನು 39 ಕಿಲೊ ಓಮ್‌ವರೆಗೆ ಏರಿಸಿದಂಥವು. ಸೊಲ್ಡಾನೊ ನಾದದಲ್ಲಿ ಒಂದು ದ್ರವಗುಣವಿದೆ, ಒಂಟಿ ಸ್ವರವನ್ನು ಹಿಡಿದು ಹಾಡಿಸುವವರಿಗೆ ಅದು ಪ್ರಿಯ. 5150 ಉಗ್ರವಾದುದು. ಅದರ ಗೇನ್ ಗುಂಡಿಯನ್ನು ಅರ್ಧಕ್ಕಿಂತ ಮೇಲಕ್ಕೆ ತಿರುಗಿಸಿದರೆ ಹೆಚ್ಚುವುದು ಸಿರ್ರೆಂಬ ಸದ್ದೇ ಹೊರತು ನಾದವಲ್ಲ. ಮೆಲುಮೀಟಿಗೂ ಬಿರುಮೀಟಿಗೂ ಭೇದವೇ ಅಳಿದುಹೋಗುತ್ತದೆ. ಅತಿಯಾದ ಗೇನ್ ವಾದಕನ ಕೈಯನ್ನು ಅಡಗಿಸುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮೇಕ್ರಿ ವೃತ್ತದ ಬಳಿಯ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡವೂ, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡವೂ ನುಡಿಸಿದಾಗ ನೆರೆದ ಜನಸಾಗರವನ್ನು ಕಂಡವರು ಈ ನಾದಕ್ಕೆ ನಮ್ಮ ಊರಿನಲ್ಲಿರುವ ಮಮತೆಯನ್ನು ಬಲ್ಲರು. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟಾಸ್ ತಂಡವು ಯೂರೋಪಿನ ವೇದಿಕೆಗಳವರೆಗೆ ಹೋಗಿ ಬಂದಿದೆ. ಆದರೆ ಮೈದಾನದ ನಾದವನ್ನು ಮನೆಗೆ ತರಲು ಹೊರಟು 100 ವಾಟ್‌ಗಳ ಹೆಡ್ ಕೊಳ್ಳುವುದು ಅವಿವೇಕ. ಬಿ.ಇ.ಎಲ್. ವೃತ್ತದಿಂದ ವಿದ್ಯಾರಣ್ಯಪುರದವರೆಗೆ ಗೋಡೆಗೆ ಗೋಡೆ ತಾಗಿ ನಿಂತಿರುವ ಮನೆಗಳಲ್ಲಿ, ಪಕ್ಕದ ಮನೆಯ ಮಗು ಪರೀಕ್ಷೆಗೆ ಓದುತ್ತಿರುವಾಗ, ಅದರ ವಾಲ್ಯೂಮ್ ಗುಂಡಿ ಒಂದರಿಂದ ಮೇಲೇರುವ ಯೋಗವಿಲ್ಲ. ಹಾಗೆ ಕಟ್ಟಿಹಾಕಿದ ಆಂಪ್‌ನ ಪವರ್ ವಾಲ್ವ್‌ಗಳು ನಿದ್ರೆಯಲ್ಲಿಯೇ ಇರುತ್ತವೆ. 100 ವಾಟ್‌ಗಳಿಗೂ 15 ವಾಟ್‌ಗಳಿಗೂ ಇರುವ ಅಂತರ ಕೇವಲ 8 ಡೆಸಿಬೆಲ್ ಎಂಬುದನ್ನು, ಅದು ಕಿವಿಗೆ ಇಮ್ಮಡಿಯೂ ಆಗಿ ತೋರದೆಂಬುದನ್ನು, ಕೊಳ್ಳುವವರು ಗಮನದಲ್ಲಿಡಬೇಕು.

ಇ.ಎಲ್. 84ರ ಮಹತ್ತ್ವ ಇಲ್ಲಿಯೇ. ತಾಳಿಕೆ 12 ವಾಟ್‌ಗಳಷ್ಟೇ ಆದ ಈ ಚಿಕ್ಕ ಪವರ್ ವಾಲ್ವು ಬೇಗನೆ ತನ್ನ ಮೇರೆಯನ್ನು ಮುಟ್ಟಿ, ಮೀಟಿನ ಒತ್ತಡಕ್ಕೆ ಬಾಗಿ, ಬಿಟ್ಟೊಡನೆ ಚಿಮ್ಮುತ್ತದೆ. ವಾಕ್ಸ್ ಎ.ಸಿ. 30 ಎಂಬ ಇಂಗ್ಲೆಂಡಿನ ಪ್ರಖ್ಯಾತ ಆಂಪ್‌ನಲ್ಲಿ ಇವು ನಾಲ್ಕಿವೆ. 2006ರಲ್ಲಿ ಬಂದ ಆರೆಂಜ್ ಕಂಪನಿಯ ಟೈನಿ ಟೆರರ್‌ನಲ್ಲಿಯೂ, ಮೆಸಾ ಸಂಸ್ಥೆಯ ಮಿನಿ ರೆಕ್ಟಿಫೈಯರ್‌ನಲ್ಲಿಯೂ, 5150ರ ವಂಶದ ಕಿರಿಯ ಕುಡಿಯಾದ ಪೀವಿ 6505 ಎಂ.ಎಚ್.ನಲ್ಲಿಯೂ ಇರುವುದು ಎರಡೆರಡು ಇ.ಎಲ್. 84. ದೊಡ್ಡ ಆಂಪ್‌ಗಳ ಎದೆಗೆ ತಾಗುವ ಮಂದ್ರ ಇವುಗಳಲ್ಲಿಲ್ಲ. ಆದರೆ ಸಣ್ಣ ಕೋಣೆಯಲ್ಲಿ ಬೆರಳಿಗೂ ನಾದಕ್ಕೂ ನಡುವಣ ಸಂವಾದವನ್ನು ಉಳಿಸಿಕೊಡುವುದರಲ್ಲಿ ಇವಕ್ಕೆ ಸಮಾನವಾದುವಿಲ್ಲ. ನಮ್ಮ ಊರಿನ ವಾದಕನಿಗೆ ಒಂದೇ ಆಂಪ್ ಕೊಳ್ಳುವ ಶಕ್ತಿಯಿದ್ದರೆ ಅದು ಇ.ಎಲ್. 84 ಜೋಡಿಯುಳ್ಳ ಚಿಕ್ಕ ಆಂಪ್ ಆಗಿರಲಿ, ಉಳಿದ ಹಣ ಒಳ್ಳೆಯ 12 ಅಂಗುಲದ ಸ್ಪೀಕರಿಗೆ ಸಲ್ಲಲಿ ಎಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ. ಡಿಜಿಟಲ್ ಅನುಕರಣಯಂತ್ರಗಳು ಧ್ವನಿಮುದ್ರಣದ ಮಟ್ಟಿಗೆ ಈಗ ಮೂಲಕ್ಕೆ ಬಹಳ ಸಮೀಪವಾಗಿವೆಯೆಂಬುದನ್ನು ಒಪ್ಪುತ್ತೇನೆ, ಹೆಡ್‌ಫೋನ್ ಹಾಕಿ ರಾತ್ರಿ ಅಭ್ಯಾಸ ಮಾಡುವವರಿಗೆ ಅವು ವರದಾನವೇ ಸರಿ. ಆದರೂ ಕೈಗೆ ಶಿಕ್ಷಣ ಕೊಡುವ ಕಾರ್ಯದಲ್ಲಿ ವಾಲ್ವಿನ ಸ್ಥಾನ ಇನ್ನೂ ಭದ್ರವಾಗಿದೆ.

ಇಂದು ಲೋಕಕ್ಕೆ ಬೇಕಾದ ಗಿಟಾರ್ ವಾಲ್ವ್‌ಗಳು ಬಹುಮಟ್ಟಿಗೆ ರಷ್ಯದ ಸರಾಟೊವ್, ಸ್ಲೊವಾಕಿಯದ ಚಾದ್ಸಾ ಮತ್ತು ಚೀನಾದ ಬೆರಳೆಣಿಕೆಯ ಕಾರ್ಖಾನೆಗಳಿಂದ ಬರುತ್ತವೆ. 2022ರ ಮಾರ್ಚ್ ತಿಂಗಳಿನಲ್ಲಿ ರಷ್ಯವು ರಫ್ತನ್ನು ನಿರ್ಬಂಧಿಸಿದಾಗ ಜಗತ್ತಿನಾದ್ಯಂತ ವಾದಕರು ಕಂಗಾಲಾದರು, ಬೆಲೆಗಳು ಏರಿದವು. ಅಂಥ ವಿದ್ಯೆಯೊಂದು ಜಾಲಹಳ್ಳಿಯಲ್ಲಿ ಇತ್ತು. ಗ್ರಿಡ್ ಸುತ್ತುವ, ಗಾಜನ್ನು ಬೆಸೆಯುವ, ಗಾಳಿಯನ್ನು ಹೊರಗೆಳೆದು ನಿರ್ವಾತವನ್ನು ಸಾಧಿಸುವ ಕೌಶಲ ಈ ಊರಿನ ಸ್ತ್ರೀಪುರುಷರ ಕೈಗಳಲ್ಲಿತ್ತು. ಮತ್ತೆ ಇಲ್ಲಿ ವಾಲ್ವ್ ಮಾಡಿರೆಂದು ನಾನು ಕೇಳುತ್ತಿಲ್ಲ, ರಾಷ್ಟ್ರರಕ್ಷಣೆಯ ಭಾರವನ್ನು ಹೊತ್ತ ಸಂಸ್ಥೆಗೆ ಅದು ತಕ್ಕ ಕೆಲಸವೂ ಅಲ್ಲ. ಆದರೆ ಅದರ ವಾಲ್ವ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಮಾತನ್ನು ಕೇಳಿ, ಕೆಲಸದ ಕ್ರಮವನ್ನು ಕನ್ನಡದಲ್ಲಿ ಬರೆದಿಡುವ ಕಾರ್ಯವನ್ನು ನಮ್ಮ ವಿಶ್ವವಿದ್ಯಾನಿಲಯಗಳೂ ಎಂಜಿನಿಯರಿಂಗ್ ಕಾಲೇಜುಗಳೂ ಕೈಗೊಳ್ಳಬೇಕು. ಮನೆಯ ಅಟ್ಟದ ಮೇಲೆ ಹಳೆಯ ರೇಡಿಯೊ ಉಳ್ಳ ಓದುಗರು ಅದನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ, ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕರವಾದ ವೋಲ್ಟೇಜು ಉಳಿದಿರಬಹುದಾದ್ದರಿಂದ ತಾವಾಗಿ ಬಿಚ್ಚದೆ, ಬಲ್ಲ ರಿಪೇರಿಯವರೊಬ್ಬರಿಂದ ವಾಲ್ವ್‌ಗಳನ್ನು ತೆಗೆಸಿ ಪರೀಕ್ಷಿಸಿ, ಬಿ.ಇ.ಎಲ್. ಮುದ್ರೆ ಕಂಡರೆ ಗಿಟಾರ್ ಕಲಿಯುತ್ತಿರುವ ಒಬ್ಬ ಹುಡುಗನಿಗೋ ಹುಡುಗಿಗೋ ಕೊಡಬೇಕೆಂದು ಬೇಡುತ್ತೇನೆ.