ಕ್ಷಮಿಸುವುದೆಂದರೆ ಕೇಸು ಕೈಬಿಡುವುದಲ್ಲ

ನಮ್ಮನ್ನು ಹಿಂಸಿಸುವವರಿಗಾಗಿ ಪ್ರಾರ್ಥಿಸಬೇಕು ಅಂತ ಯೇಸುಸ್ವಾಮಿ ಹೇಳಿದ್ದನ್ನು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ಕೇಳುವುದೇನೋ ಸುಲಭ. ಆಫೀಸಿನಲ್ಲಿ ದಿನಾ ಚುಚ್ಚಿ ಮಾತಾಡುವವನ ಹೆಸರನ್ನೋ, 'ನೀವೆಲ್ಲ ಮತಾಂತರ ಮಾಡೋರು' ಎಂದು ಮೂದಲಿಸುವ ಪಕ್ಕದ ಮನೆಯವರ ಹೆಸರನ್ನೋ ಹಿಡಿದು ಪ್ರಾರ್ಥಿಸಲು ಕೂತಾಗ ಗೊತ್ತಾಗುತ್ತದೆ ಅದೆಷ್ಟು ಕಷ್ಟ ಅಂತ. ಅದರ ಮೇಲೆ ಸ್ನೇಹಿತರದ್ದೊಂದು ಪ್ರಶ್ನೆ: 'ಹೀಗೆ ಪ್ರಾರ್ಥನೆ ಮಾಡಿಕೊಂಡು ಕೂತರೆ ಹೊಡೆದವನಿಗೆ ಇನ್ನಷ್ಟು ಧೈರ್ಯ ಕೊಟ್ಟ ಹಾಗಲ್ಲವೇನ್ರೀ?'

ಆಗೆಲ್ಲ ನನಗೆ ನೆನಪಾಗುವುದು ಗ್ಲಾಡಿಸ್ ಸ್ಟೇನ್ಸ್. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಅವರ ಪತಿ ಗ್ರಹಾಂ, ಮಕ್ಕಳಾದ 10 ವರ್ಷದ ಫಿಲಿಪ್ ಮತ್ತು 6 ವರ್ಷದ ತಿಮೋತಿ ತಮ್ಮ ಗಾಡಿಯಲ್ಲಿ ಮಲಗಿದ್ದರು. ಗುಂಪೊಂದು ಬಂದು ಬೆಂಕಿ ಹಚ್ಚಿತು. ಮೂವರೂ ಸುಟ್ಟು ಹೋದರು. ಗ್ರಹಾಂ 1965ರಿಂದ ಭಾರತದಲ್ಲಿದ್ದು ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದವರು. ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಬರೀ ಹೇಳಲಿಲ್ಲ, ಮಗಳು ಎಸ್ತರ್ ಜೊತೆ ಅಲ್ಲೇ ಉಳಿದು 2004ರವರೆಗೆ ಆ ಸೇವೆ ಮುಂದುವರಿಸಿದರು.

ಹಾಗಂತ ಕೇಸು ನಿಂತಿತೇ? ಇಲ್ಲ. ಮುಖ್ಯ ಅಪರಾಧಿ ದಾರಾ ಸಿಂಗ್‌ಗೆ 2003ರಲ್ಲಿ ಮರಣದಂಡನೆ ವಿಧಿಸಲಾಯಿತು. 2005ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಕ್ಷಮೆ ಆ ತಾಯಿಯ ಕೈಲಿತ್ತು, ಶಿಕ್ಷೆ ಕಾನೂನಿನ ಕೈಲಿತ್ತು.

ಬ್ಯಾಂಕಿನವನಾದ ನನಗೆ ಇದು ಸಾಲ ರೈಟ್ ಆಫ್ ಮಾಡಿದ ಹಾಗೆ ಕಾಣುತ್ತದೆ. ರೈಟ್ ಆಫ್ ಅಂದರೆ ಸಾಲ ಮನ್ನಾ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಬ್ಯಾಂಕು ತನ್ನ ಬ್ಯಾಲೆನ್ಸ್ ಶೀಟಿನಿಂದ ಆ ಹೊರೆ ಇಳಿಸಿಕೊಳ್ಳುತ್ತದೆ ಅಷ್ಟೆ. ಸಾಲಗಾರನ ಬಾಕಿ ಹಾಗೇ ಇರುತ್ತದೆ, ವಸೂಲಿಯೂ ನಡೆಯುತ್ತಿರುತ್ತದೆ. ಕ್ಷಮಿಸಿದವರ ಎದೆಯಿಂದಲೂ ಹಾಗೇ ಹೊರೆ ಇಳಿಯುತ್ತದೆ. ಮಾಡಿದವರ ಲೆಕ್ಕ ಮಾತ್ರ ಚುಕ್ತಾ ಆಗಿರುವುದಿಲ್ಲ.

ಬೈಬಲ್ಲಿನಲ್ಲೂ ಇದೇ ಇದೆ. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ಓದಿ. ಫಿಲಿಪ್ಪಿಯಲ್ಲಿ ಪೌಲ, ಸೀಲರನ್ನು ಹೊಡೆಸಿ ಸೆರೆಗೆ ಹಾಕುತ್ತಾರೆ. ಅವರು ಮಧ್ಯರಾತ್ರಿ ಪ್ರಾರ್ಥಿಸುತ್ತಾ ಹಾಡುತ್ತಾರೆ, ಸಾಯಲು ಹೊರಟ ಸೆರೆಮನೆ ಅಧಿಕಾರಿಯ ಜೀವವನ್ನೂ ಉಳಿಸುತ್ತಾರೆ. ಬೆಳಿಗ್ಗೆ 'ಇನ್ನು ಹೋಗಬಹುದು' ಎಂದು ಹೇಳಿ ಕಳಿಸಿದಾಗ ಮಾತ್ರ ಪೌಲ ಒಪ್ಪಲಿಲ್ಲ. ರೋಮನ್ ಪ್ರಜೆಗಳನ್ನು ವಿಚಾರಣೆಯಿಲ್ಲದೆ ಹೊಡೆಸಿದವರು ತಾವೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದು ಪಟ್ಟು ಹಿಡಿದ. ಪ್ರಾರ್ಥನೆಯೂ ಉಂಟು, ಹಕ್ಕಿನ ಮಾತೂ ಉಂಟು.

ಸಿಟ್ಟೇ ಬರಬಾರದು ಅಂತಲೂ ಅಲ್ಲ. 109ನೇ ಕೀರ್ತನೆಯಲ್ಲಿ ವೈರಿಗೆ ಶಾಪಗಳ ಸುರಿಮಳೆಯೇ ಇದೆ. ಆದರೆ ಅದು ದೇವರ ಮುಂದೆ ತೋಡಿಕೊಂಡ ಸಂಕಟ, ವೈರಿಯ ಬಾಗಿಲಿಗೆ ಹೋಗಿ ಕೂಗಾಡಿದ್ದಲ್ಲ.

ನಮ್ಮವರಿಗೂ ಒಂದು ಮಾತು. ಜಗಳದ ನಡುವೆ 'ನಿಮಗಾಗಿ ಪ್ರಾರ್ಥಿಸ್ತೀನಿ' ಅಂತ ಮುಖಕ್ಕೆ ಹೇಳುವುದು ಪ್ರಾರ್ಥನೆಯಲ್ಲ, ಇನ್ನೊಂದು ಏಟು. 'ಅವರಿಗೆ ಬುದ್ಧಿ ಕಲಿಸಪ್ಪಾ' ಎಂದು ಬೇಡುವುದೂ ಶಾಪವೇ. ಅವರ ಮಕ್ಕಳ ಓದು, ಮನೆಯವರ ಆರೋಗ್ಯ ಚೆನ್ನಾಗಿರಲಿ ಅಂತ ಒಂದು ವಾರ ಬೇಡಿ ನೋಡಿ. ಅವರು ಬದಲಾಗುತ್ತಾರೋ ಇಲ್ಲವೋ, ದೂರು ಕೊಡಲು ಹೋಗುವಾಗ ನಿಮ್ಮ ಕೈ ನಡುಗುವುದಿಲ್ಲ, ನಾಲಿಗೆ ಹೊಲಸಾಗುವುದಿಲ್ಲ. ದೂರು ಕೊಡಲೇಬೇಕಾದರೆ ಖಂಡಿತ ಕೊಡಿ. ಮೊದಲು ಮೊಣಕಾಲೂರಿ, ಆಮೇಲೆ ಠಾಣೆಗೆ ಹೋಗಿ.