ಹಠಾತ್ ಹೃದಯಸ್ತಂಭನ ಮತ್ತು ವಿದ್ಯಾರ್ಥಿಗಳ ಕರ್ತವ್ಯ

ನಮ್ಮ ಹಿರಿಯರು ದೇವರಲ್ಲಿ ಬೇಡಿಕೊಳ್ಳುತ್ತಿದ್ದ ವರಗಳಲ್ಲಿ ಅನಾಯಾಸ ಮರಣವೂ ಒಂದು. ಹಾಸಿಗೆ ಹಿಡಿದು ನರಳದೆ, ಮಕ್ಕಳಿಗೆ ಭಾರವಾಗದೆ, ದೀಪ ಆರಿದಂತೆ ಪ್ರಾಣ ಹೋಗಬೇಕೆಂಬುದು ಎಂಬತ್ತು ವರ್ಷ ಬಾಳಿದವರ ಬಯಕೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಮರಣವು ಆಟದ ಬಯಲಿನಲ್ಲಿ ಓಡುತ್ತಿರುವ ಇಪ್ಪತ್ತರ ತರುಣನಿಗೋ, ಸಂಸಾರದ ನೊಗ ಹೊತ್ತ ನಲವತ್ತರ ತಂದೆಗೋ ಬಂದರೆ ಅದನ್ನು ವರವೆನ್ನಲು ಯಾರಿಗೂ ಬಾಯಿ ಬಾರದು. ಆಗ ನಾವು 'ಹಣೆಯಬರಹ' ಎನ್ನುತ್ತೇವೆ. ವಿಧಿಯ ಮೇಲೆ ನಾವು ಹೊರಿಸುವ ಈ ಹೊರೆಯಲ್ಲಿ ನಮ್ಮ ಅಜ್ಞಾನದ ಪಾಲು ಎಷ್ಟೆಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

೨೦೨೧ರ ಅಕ್ಟೋಬರ್ ೨೯ರಂದು ಪುನೀತ್ ರಾಜ್‌ಕುಮಾರ್ ಅವರು ತಮ್ಮ ೪೬ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾಡೇ ದಿಗ್ಭ್ರಮೆಗೊಂಡಿತು. ೨೦೨೫ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಸಾವಿನ ಸುದ್ದಿಗಳು ಒಂದರ ಮೇಲೊಂದು ಬಂದಾಗ ಭಯಗೊಂಡ ಜನರು ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಸಾವುಗಳ ಸಂಖ್ಯೆ ಅಸಹಜವಾಗಿ ಏರಿಲ್ಲವೆಂದು ಸರ್ಕಾರವು ನೇಮಿಸಿದ ತಜ್ಞರ ಸಮಿತಿಯು ಹೇಳಿತಾದರೂ ಭಯ ಬೇಗನೆ ಅಡಗಲಿಲ್ಲ. ಕೆಲವರು ವ್ಯಾಯಾಮವನ್ನು ದೂರಿದರು; ಕೆಲವರು ಕೋವಿಡ್ ಲಸಿಕೆಯನ್ನು ದೂರಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೧೮ರಿಂದ ೪೫ ವರ್ಷದವರ ಹಠಾತ್ ಸಾವುಗಳನ್ನು ೪೭ ಆಸ್ಪತ್ರೆಗಳ ಮೂಲಕ ಪರಿಶೀಲಿಸಿ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನವು, ಲಸಿಕೆಯಿಂದ ಅಪಾಯ ಹೆಚ್ಚಿಲ್ಲವೆಂದು ಕಂಡುಕೊಂಡಿತು. ಅಪಾಯ ಹೆಚ್ಚಾಗಿ ಕಂಡುಬಂದದ್ದು ಮನೆತನದಲ್ಲಿ ಹಠಾತ್ ಮರಣ ಸಂಭವಿಸಿದ್ದವರಲ್ಲಿ, ಸಾವಿನ ಹಿಂದಿನ ಎರಡು ದಿನಗಳಲ್ಲಿ ಮಿತಿಮೀರಿ ಕುಡಿದವರಲ್ಲಿ ಅಥವಾ ದೇಹವನ್ನು ತೀವ್ರವಾಗಿ ದಂಡಿಸಿದವರಲ್ಲಿ, ಮತ್ತು ಕೋವಿಡ್ ತಗಲಿ ಆಸ್ಪತ್ರೆ ಸೇರಿದ್ದವರಲ್ಲಿ.

ಇಲ್ಲಿ ಒಂದು ಭೇದವನ್ನು ತಿಳಿಯಬೇಕು. ಹೃದಯಾಘಾತವೇ ಬೇರೆ, ಹೃದಯಸ್ತಂಭನವೇ ಬೇರೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅದು ಆಘಾತ. ರೋಗಿಯು ಎದೆನೋವಿನಿಂದ ಬಳಲುತ್ತಾನೆ, ಆದರೆ ಸಾಮಾನ್ಯವಾಗಿ ಪ್ರಜ್ಞೆಯಿರುತ್ತದೆ. ಹೃದಯವನ್ನು ಲಯಬದ್ಧವಾಗಿ ಮಿಡಿಸುವ ವಿದ್ಯುತ್ ವ್ಯವಸ್ಥೆಯೇ ಕೆಟ್ಟು, ಅದು ರಕ್ತವನ್ನು ನೂಕಲಾರದೆ ಬರಿದೆ ಅದುರತೊಡಗಿದರೆ ಅದು ಸ್ತಂಭನ; ಮನುಷ್ಯನು ಕ್ಷಣಗಳಲ್ಲಿ ಕುಸಿಯುತ್ತಾನೆ. ಆಘಾತವು ಸ್ತಂಭನಕ್ಕೆ ದಾರಿಯಾಗುವುದುಂಟು. ವಯಸ್ಸಾದವರಲ್ಲಿ ಹೆಚ್ಚಾಗಿ ಅದೇ ಕಾರಣ. ತರುಣರಲ್ಲಿ ಹುಟ್ಟಿನಿಂದ ಬಂದ ದೋಷಗಳು, ಹೃದಯದ ಸ್ನಾಯು ದಪ್ಪವಾಗಿರುವುದು, ಅದರ ಉರಿಯೂತ, ವಿದ್ಯುತ್ ಲಯದ ಆನುವಂಶಿಕ ನ್ಯೂನತೆ ಮೊದಲಾದವು ಅಡಗಿ ಕುಳಿತಿರಬಹುದು.

ಆದುದರಿಂದ ತಡೆಯುವ ದಾರಿಯೂ ಎರಡು ಬಗೆಯದು. ಬೀಡಿ ಸಿಗರೇಟುಗಳನ್ನು ಮುಟ್ಟದಿರುವುದು, ರಕ್ತದ ಒತ್ತಡ ಮತ್ತು ಸಕ್ಕರೆಗಳನ್ನು ಹತೋಟಿಯಲ್ಲಿಡುವುದು, ದಿನವೂ ಮಿತವಾಗಿ ಮೈ ದಣಿಸುವುದು ಎಲ್ಲರಿಗೂ ಹೇಳುವ ಮಾತು. ತರುಣರಿಗೆ ಇನ್ನೊಂದು ಎಚ್ಚರಿಕೆ ಬೇಕು. ಓಡುವಾಗ ಅಥವಾ ಆಡುವಾಗ ಮೂರ್ಛೆ ಹೋದವನು ಅದನ್ನು ಬಿಸಿಲಿನ ಬಾಧೆಯೆಂದು ತಳ್ಳಿಹಾಕದೆ ಇ.ಸಿ.ಜಿ. ಮಾಡಿಸಿಕೊಳ್ಳಲಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ ಅದನ್ನು ವೈದ್ಯರ ಮುಂದೆ ಮುಚ್ಚಿಡದಿರಲಿ. ಎದೆಯುರಿ ಎಂದರೆ 'ಗ್ಯಾಸ್ಟ್ರಿಕ್' ಎಂದು ಸೋಡಾ ಕುಡಿದು ಮಲಗುವ ನಮ್ಮ ಹಿರಿಯರನ್ನು ಆಸ್ಪತ್ರೆಗೆ ಒಯ್ಯುವ ಹಟ ನಮಗಿರಲಿ.

ಇಷ್ಟೆಲ್ಲ ಮಾಡಿದರೂ ಕೆಲವರು ಮುನ್ಸೂಚನೆಯಿಲ್ಲದೆ ಕುಸಿಯುವರು. ನನ್ನ ಮುಖ್ಯ ಮಾತು ಇರುವುದು ಇಲ್ಲಿಯೇ. ಪುನೀತ್ ಅವರ ಹೆಸರಿನ 'ಹೃದಯ ಜ್ಯೋತಿ' ಯೋಜನೆಯು ತಾಲ್ಲೂಕು ಆಸ್ಪತ್ರೆಗಳಲ್ಲಿ ಹೃದಯಾಘಾತವನ್ನು ಗುರುತಿಸಿ, ರಕ್ತದ ಹೆಪ್ಪು ಕರಗಿಸುವ ಬೆಲೆಯುಳ್ಳ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಶ್ಲಾಘ್ಯ ವ್ಯವಸ್ಥೆ. ಆದರೆ ಸ್ತಂಭನವು ತಾಲ್ಲೂಕು ಆಸ್ಪತ್ರೆಯವರೆಗೆ ಹೋಗಲು ಕಾಲವನ್ನು ಕೊಡದು. ಕೈಕಟ್ಟಿ ನಿಂತರೆ ಬದುಕುವ ಸಾಧ್ಯತೆಯು ಪ್ರತಿ ನಿಮಿಷಕ್ಕೂ ನೂರಕ್ಕೆ ಸುಮಾರು ೭ರಿಂದ ೧೦ರಂತೆ ಕುಗ್ಗುತ್ತದೆ. ೧೦೮ರ ವಾಹನ ಎಷ್ಟು ವೇಗವಾಗಿ ಬಂದರೂ ಮೊದಲ ಐದು ನಿಮಿಷಗಳು ಪಕ್ಕದಲ್ಲಿ ನಿಂತವನ ಕೈಯಲ್ಲಿರುತ್ತವೆ.

ಆ ನಿಂತವನು ನಮ್ಮಲ್ಲಿ ಮಾಡುವುದೇನು? ಒಬ್ಬನು ಕೈಗೆ ಬೀಗದಕೈ ಹಿಡಿಸುತ್ತಾನೆ. ಒಬ್ಬನು ಈರುಳ್ಳಿ ಮೂಸಿಸುತ್ತಾನೆ. ಒಬ್ಬನು ಬಾಯಿಗೆ ನೀರು ಹಾಕುತ್ತಾನೆ. ಉಳಿದವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ.

೨೦೨೧ರ ಜೂನ್ ೧೨ರಂದು ಕೋಪನ್‌ಹೇಗನ್ನಿನಲ್ಲಿ ಫಿನ್‌ಲೆಂಡಿನ ವಿರುದ್ಧ ಆಡುತ್ತಿದ್ದ ಡೆನ್ಮಾರ್ಕಿನ ಕಾಲ್ಚೆಂಡಾಟಗಾರ ಕ್ರಿಶ್ಚಿಯನ್ ಎರಿಕ್‌ಸನ್ ಹೀಗೆಯೇ ಕುಸಿದರು. ಅವರ ಹೃದಯ ನಿಂತಿತ್ತು. ಸಂಗಾತಿಗಳು ಸುತ್ತ ಗೋಡೆಯಂತೆ ನಿಂತರು. ವೈದ್ಯರು ಬಯಲಿನಲ್ಲಿಯೇ ಎದೆಯನ್ನೊತ್ತಿ, ಯಂತ್ರದಿಂದ ವಿದ್ಯುತ್ ಪೆಟ್ಟು ಕೊಟ್ಟರು. ಮರುವರ್ಷ ಅವರು ಮತ್ತೆ ಆಟಕ್ಕಿಳಿದರು. ಇದನ್ನು ಪವಾಡವೆನ್ನುವುದು ಸರಿಯಲ್ಲ. ಅದು ಸಿದ್ಧತೆಯ ಫಲ.

ಕಲಿಯಬೇಕಾದ ವಿದ್ಯೆಯು ಕಠಿಣವಲ್ಲ. ಕುಸಿದವನು ಕರೆದರೆ ಓಗೊಡದಿದ್ದರೆ, ಸಹಜವಾಗಿ ಉಸಿರಾಡದಿದ್ದರೆ, ಒಬ್ಬರು ೧೦೮ಕ್ಕೆ ಕರೆ ಮಾಡಬೇಕು. ಆಗೊಮ್ಮೆ ಈಗೊಮ್ಮೆ ಏದುಸಿರೆಳೆಯುವುದನ್ನು ಉಸಿರಾಟವೆಂದು ಭ್ರಮಿಸಬಾರದು. ಇನ್ನೊಬ್ಬರು ಅವನನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಎರಡು ಅಂಗುಲ ಆಳಕ್ಕೆ, ನಿಮಿಷಕ್ಕೆ ೧೦೦ರಿಂದ ೧೨೦ ಸಲ ಒತ್ತುತ್ತಿರಬೇಕು. ಇದೇ ಸಿ.ಪಿ.ಆರ್. ಎ.ಇ.ಡಿ. ಎಂಬ ಯಂತ್ರ ದೊರೆತರೆ, ಏನು ಮಾಡಬೇಕೆಂಬುದನ್ನು ಅದೇ ಧ್ವನಿಯಲ್ಲಿ ಹೇಳುತ್ತದೆ. ಅಗತ್ಯವಿಲ್ಲದಿದ್ದರೆ ಪೆಟ್ಟು ಕೊಡುವುದಿಲ್ಲ.

'ನಾವು ಕಲಾ ವಿಭಾಗದವರು, ವೈದ್ಯಕೀಯ ನಮಗೇಕೆ?' ಎನ್ನುವವರುಂಟು. ಎದೆಯನ್ನು ಕೊಯ್ಯದೆ ಹೊರಗಿನಿಂದಲೇ ಒತ್ತಿ ರಕ್ತ ಹರಿಸುವ ಈ ಕ್ರಮವನ್ನು ೧೯೬೦ರಲ್ಲಿ ಲೋಕಕ್ಕೆ ತಿಳಿಸಿದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಮೂವರಲ್ಲಿ ಪ್ರಮುಖರಾದ ಕೌವೆನ್‌ಹೋವೆನ್ ಅವರು ವೈದ್ಯರಲ್ಲ; ವಿದ್ಯುತ್ ಎಂಜಿನಿಯರು. ಪಕ್ಕೆಲುಬು ಮುರಿದೀತೆಂಬ ಅಂಜಿಕೆಯೂ ಉಂಟು. ಮುರಿದ ಎಲುಬು ಕೂಡುತ್ತದೆ. ನಿಂತ ಹೃದಯ ತಾನಾಗಿ ಮಿಡಿಯದು. ಕುಸಿದವಳು ಹೆಣ್ಣಾದರೆ ಮುಟ್ಟಲು ಸಂಕೋಚವೆಂಬುದು ಮತ್ತೊಂದು ತೊಡಕು. ನಮ್ಮ ಸಂಕೋಚಕ್ಕೆ ಒಂದು ಪ್ರಾಣದ ಬೆಲೆ ತೆರುವುದು ನ್ಯಾಯವೇ? ಹುಡುಗರೂ ಹುಡುಗಿಯರೂ ಸಮನಾಗಿ ಕಲಿತರೆ ಈ ತೊಡಕೂ ಸಡಿಲವಾದೀತು.

ನಮ್ಮ ಕ್ರೀಡಾದಿನದಂದು ಪ್ರಥಮಚಿಕಿತ್ಸೆಯ ಪೆಟ್ಟಿಗೆಯಲ್ಲಿ ಇರುವುದು ಹತ್ತಿ, ಬ್ಯಾಂಡೇಜು, ಟಿಂಕ್ಚರು. ಮಂಡಿ ತರಚಿದವನಿಗೆ ನಮ್ಮಲ್ಲಿ ಮದ್ದುಂಟು. ಹೃದಯ ನಿಂತವನಿಗೆ ಏನೂ ಇಲ್ಲ. ಎನ್.ಸಿ.ಸಿ. ಮತ್ತು ಎನ್.ಎಸ್.ಎಸ್. ಘಟಕಗಳು ಪ್ರತಿ ವರ್ಷದ ಮೊದಲ ತಿಂಗಳಲ್ಲಿ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕರೆಸಿ, ಹೊಸ ವಿದ್ಯಾರ್ಥಿಗಳೆಲ್ಲರಿಗೂ ಬೊಂಬೆಯ ಮೇಲೆ ಈ ಅಭ್ಯಾಸ ಮಾಡಿಸಲಿ. ಅಧ್ಯಾಪಕರೂ ಕಚೇರಿಯ ಸಿಬ್ಬಂದಿಯೂ ನಮ್ಮೊಡನೆ ಕಲಿಯಲಿ. ಎ.ಇ.ಡಿ. ಯಂತ್ರವೊಂದನ್ನು ಕೊಳ್ಳಲು ಹಳೆಯ ವಿದ್ಯಾರ್ಥಿಗಳ ನೆರವನ್ನು ಕೇಳಲು ನಾಚಬೇಕಿಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದರಿಂದ ಫಲವೇನು?

ಮೂರು ವರ್ಷಗಳಲ್ಲಿ ನಾವು ಕಲಿತ ಪಾಠಗಳಲ್ಲಿ ಎಷ್ಟೋ ಪರೀಕ್ಷೆಯ ಮರುದಿನವೇ ಮರೆತುಹೋಗುವುವು. ಈ ಪಾಠಕ್ಕೆ ಪರೀಕ್ಷೆಯ ದಿನ ಯಾವುದೆಂದು ಯಾರೂ ಮೊದಲೇ ತಿಳಿಸುವುದಿಲ್ಲ. ಅದು ನಮ್ಮ ಮನೆಯ ಪಡಸಾಲೆಯಲ್ಲಿ, ನಮ್ಮ ತಂದೆಯ ಎದೆಯ ಮೇಲೆಯೇ ನಡೆಯಬಹುದು. ಅಂದು ನಮ್ಮ ಕೈಗಳಿಗೆ ಏನು ಮಾಡಬೇಕೆಂಬುದು ತಿಳಿದಿರಲಿ.